ಫೀಡ್ ಇಮ್ಮಡಿ ಮಾಡಿದರೂ ಗ್ಲೂಕೋಸ್ ಯಾಕೆ ಏರಲಿಲ್ಲ?

ಪ್ರಶ್ನೆ: ನಾನು ಎಂಎಸ್ಸಿ ಪ್ರಾಜೆಕ್ಟ್‌ಗೆ ಮಣ್ಣಿನ ಒಂದು ಬ್ಯಾಕ್ಟೀರಿಯಾವನ್ನು ಕೀಮೋಸ್ಟ್ಯಾಟ್‌ನಲ್ಲಿ (ಹೊಸ ಪೋಷಕ ದ್ರಾವಣ, ಅಂದರೆ ಫೀಡ್, ಸತತವಾಗಿ ಒಳಬಂದು ಅಷ್ಟೇ ದ್ರವ ಹೊರಹೋಗುವ ಪಾತ್ರೆ) ಬೆಳೆಸುತ್ತಿದ್ದೇನೆ. ಪಾತ್ರೆಯಲ್ಲಿ 2 ಲೀಟರ್ ದ್ರವ, ಪಂಪಿನ ಹರಿವು ಗಂಟೆಗೆ 600 ಮಿ.ಲೀ. ಫೀಡಿನಲ್ಲಿ ಲೀಟರಿಗೆ 10 ಗ್ರಾಂ ಗ್ಲೂಕೋಸ್ ಇದ್ದಾಗ ಪಾತ್ರೆಯಲ್ಲಿ 0.10 ಗ್ರಾಂ ಉಳಿದಿತ್ತು. ಫೀಡನ್ನು 20 ಗ್ರಾಂಗೆ ಏರಿಸಿದೆ. ಕೋಶಗಳು ಇಮ್ಮಡಿಯಾದವು, ಉಳಿಕೆ ಮಾತ್ರ 0.07ಕ್ಕೆ ಇಳಿಯಿತು! ಸ್ಯಾಂಪಲ್ ತೆಗೆದು ಸುಮಾರು ಒಂದು ನಿಮಿಷದಲ್ಲಿ ಫಿಲ್ಟರ್ ಮಾಡುತ್ತೇನೆ. ಬ್ಯಾಚ್ ಪ್ರಯೋಗದಿಂದ (ಫೀಡ್ ಹರಿಸದೆ ಬೆಳೆಸಿ) ಸಿಕ್ಕ ಗರಿಷ್ಠ ಬೆಳವಣಿಗೆ ದರ ಗಂಟೆಗೆ 0.5, ಕೆಎಸ್ (ಬೆಳವಣಿಗೆ ಗರಿಷ್ಠದ ಅರ್ಧಕ್ಕೆ ಬರುವ ಗ್ಲೂಕೋಸ್ ಸಾಂದ್ರತೆ) ಲೀಟರಿಗೆ 0.1 ಗ್ರಾಂ, ಇಳುವರಿ (ಒಂದು ಗ್ರಾಂ ಗ್ಲೂಕೋಸಿಗೆ ಸಿಗುವ ಕೋಶ) 0.5 ಗ್ರಾಂ. ಎಲ್ಲಿ ತಪ್ಪಿದ್ದೇನೆ ಮೇಡಂ?

ಉತ್ತರ: ಉಳಿಕೆ ಏರದಿದ್ದುದರಲ್ಲಿ ತಪ್ಪೇನೂ ಇಲ್ಲ, ಅದು ಏರಬಾರದು. ಇಳಿದದ್ದು ಮಾತ್ರ ಸ್ಯಾಂಪಲ್ ತೆಗೆಯುವಾಗ ಆದ ನಷ್ಟ. ಎರಡನ್ನೂ ಬೇರೆ ಬೇರೆಯಾಗಿ ನೋಡೋಣ.

ಹರಿವನ್ನು ಪರಿಮಾಣದಿಂದ ಭಾಗಿಸಿದರೆ ನಿಮ್ಮ ಡೈಲ್ಯೂಷನ್ ದರ, ಅಂದರೆ ಡಿ, ಗಂಟೆಗೆ 0.3. ಪಾತ್ರೆಯಿಂದ ಕೋಶಗಳು ಕೊಚ್ಚಿಹೋಗುವುದು ಇದೇ ವೇಗದಲ್ಲಿ. ಸ್ಥಿರಸ್ಥಿತಿ (ಕೋಶಗಳ ಪ್ರಮಾಣ ಬದಲಾಗದ ಹಂತ) ನಿಂತಿದೆ ಎಂದರೆ ಅವು ಅಷ್ಟೇ ವೇಗದಲ್ಲಿ ಬೆಳೆಯುತ್ತಿವೆ ಎಂದರ್ಥ. ಆ ವೇಗದಲ್ಲಿ ಬೆಳೆಯಲು ಕೋಶದ ಸುತ್ತ ಎಷ್ಟು ಗ್ಲೂಕೋಸ್ ಬೇಕು ಎಂಬುದನ್ನು ಮೊನೋ ಸಮೀಕರಣ ಹೇಳುತ್ತದೆ:

ಉಳಿಕೆ = ಕೆಎಸ್ × ಡಿ ÷ (ಗರಿಷ್ಠ ದರ − ಡಿ)

0.1 × 0.3 ÷ 0.2, ಅಂದರೆ ಲೀಟರಿಗೆ 0.15 ಗ್ರಾಂ. ಸೂತ್ರದಲ್ಲಿ ಫೀಡಿನ ಸಾಂದ್ರತೆ ಎಲ್ಲಾದರೂ ಇದೆಯೇ? ಇಲ್ಲ. ಫೀಡ್ ಏರಿಸಿದಾಗ ಗ್ಲೂಕೋಸ್ ಒಂದಿಷ್ಟು ಹೊತ್ತು ಏರುತ್ತದೆ, ಕೋಶಗಳು ಬೇಗ ಬೇಗ ಬೆಳೆದು ಹೆಚ್ಚಿದ್ದನ್ನು ತಿಂದು ಮತ್ತೆ 0.15ಕ್ಕೇ ತಂದು ನಿಲ್ಲಿಸುತ್ತವೆ. ನೀವು ಕೊಟ್ಟ ಹೆಚ್ಚುವರಿ ಸಕ್ಕರೆಯೆಲ್ಲ ಕೋಶವಾಯಿತು: 0.5 × (10 − 0.15), ಸುಮಾರು 4.9 ಗ್ರಾಂ ಇದ್ದದ್ದು 9.9 ಆಯಿತು. 1950ರಲ್ಲಿ ಪ್ಯಾರಿಸ್‌ನಲ್ಲಿ ಜಾಕ್ ಮೊನೋ, ಶಿಕಾಗೋದಲ್ಲಿ ಆರನ್ ನೋವಿಕ್ ಮತ್ತು ಲಿಯೋ ಸಿಲಾರ್ಡ್ ಬೇರೆ ಬೇರೆಯಾಗಿಯೇ ಈ ವಿಧಾನವನ್ನು ಪ್ರಕಟಿಸಿದರು. ಪಂಪಿನ ಹಿಡಿಕೆ ತಿರುಗಿಸಿ ಬೆಳವಣಿಗೆಯ ವೇಗವನ್ನೇ ಹಿಡಿದಿಡಬಹುದು ಎಂಬುದು ನನಗೆ ಇವತ್ತಿಗೂ ಬೆರಗಿನ ಸಂಗತಿ.

ಇನ್ನು ಆ 0.10 ಮತ್ತು 0.07. ಸ್ಯಾಂಪಲ್ ಟ್ಯೂಬಿಗೆ ಬಂದ ಕ್ಷಣಕ್ಕೆ ಫೀಡ್ ನಿಂತಿತು, ಕೋಶಗಳ ಹಸಿವು ನಿಲ್ಲಲಿಲ್ಲ. ನಿಮ್ಮ ಅಂಕಿಗಳಲ್ಲೇ ಒಂದು ಗ್ರಾಂ ಕೋಶ ಗಂಟೆಗೆ 0.6 ಗ್ರಾಂ (ಡಿ ÷ ಇಳುವರಿ) ಗ್ಲೂಕೋಸ್ ತಿನ್ನುತ್ತದೆ. 4.9 ಗ್ರಾಂ ಕೋಶವಿರುವ ಲೀಟರಿನಲ್ಲಿ ಅದು ನಿಮಿಷಕ್ಕೆ 0.05 ಗ್ರಾಂ! ಗ್ಲೂಕೋಸ್ ಇಳಿದಂತೆ ತಿನ್ನುವ ವೇಗವೂ ತಗ್ಗುವುದನ್ನು ಸೇರಿಸಿ ಲೆಕ್ಕ ಹಾಕಿದೆ. ಒಂದು ನಿಮಿಷದ ನಂತರ ಮೊದಲ ಸ್ಯಾಂಪಲ್‌ನಲ್ಲಿ 0.10 ಉಳಿಯಬೇಕು, ಕೋಶಗಳು ಇಮ್ಮಡಿಯಿರುವ ಎರಡನೆಯದರಲ್ಲಿ 0.07. ನಿಮ್ಮ ಅಂಕಿಗಳೇ ಬಂದವು. ಅಷ್ಟು ಶಿಸ್ತಾಗಿ ಅಳೆದಿದ್ದೀರಿ. ಸೆಂಟ್ರಿಫ್ಯೂಜ್‌ಗೆ ಹಾಕಿ ಐದು ನಿಮಿಷ ತಿರುಗಿಸಿದ್ದರೆ 0.01ರಷ್ಟೂ ಸಿಗುವುದು ಕಷ್ಟವಿತ್ತು.

ಫ್ರೀಜರ್‌ನಲ್ಲಿಟ್ಟು ತಣ್ಣಗೆ ಮಾಡಿದ ಸ್ಟೀಲ್ ಗುಂಡುಗಳನ್ನು ಸಿರಿಂಜಿನಲ್ಲಿ ತುಂಬಿ, ಸ್ಯಾಂಪಲನ್ನು ನೇರ ಅದರೊಳಕ್ಕೆ ಎಳೆದು ತಕ್ಷಣ ಫಿಲ್ಟರ್ ಮಾಡಿ. ಸೊನ್ನೆ ಡಿಗ್ರಿಯ ಹತ್ತಿರ ಕೋಶಗಳು ತಿನ್ನುವುದು ಬಹುಮಟ್ಟಿಗೆ ನಿಲ್ಲುತ್ತದೆ. ಗುಂಡು ಸಿಗದಿದ್ದರೆ 20, 40, 60 ಸೆಕೆಂಡಿಗೆ ಒಂದೊಂದು ಸ್ಯಾಂಪಲ್ ಫಿಲ್ಟರ್ ಮಾಡಿ, ಗ್ರಾಫಿನಲ್ಲಿ ಗೆರೆಯನ್ನು ಹಿಂದಕ್ಕೆ ಸೊನ್ನೆ ಸೆಕೆಂಡಿನವರೆಗೆ ಎಳೆಯಿರಿ.

ಈ ಲೆಕ್ಕವೆಲ್ಲ ಗ್ಲೂಕೋಸ್ ಒಂದೇ ಕೊರತೆಯಾಗಿದ್ದರೆ ಮಾತ್ರ. ಕೋಶಗಳು ಇಮ್ಮಡಿಯಾದಾಗ ಆಮ್ಲಜನಕದ ಬೇಡಿಕೆಯೂ ಇಮ್ಮಡಿ. ಡಿಒ ಪ್ರೋಬ್ (ಕರಗಿದ ಆಮ್ಲಜನಕ ಅಳೆಯುವ ಸಾಧನ) ಸೊನ್ನೆಗೆ ಬಂದು ಕೂತರೆ ಉಳಿಕೆ ಗ್ಲೂಕೋಸ್ ಏರತೊಡಗುತ್ತದೆ, ಸೂತ್ರ ಕೈಕೊಡುತ್ತದೆ.

ಮುಂದೆ ಡಿ ಏರಿಸುವಾಗ ಸಣ್ಣ ಸಣ್ಣ ಹೆಜ್ಜೆ ಇಡಿ. 0.45ರಲ್ಲಿ ಉಳಿಕೆ 0.9 ಗ್ರಾಂ, 0.48ರಲ್ಲಿ 2.4. 10 ಗ್ರಾಂ ಫೀಡಿಗೆ 0.495 ದಾಟಿದರೆ ಪಾತ್ರೆ ತೊಳೆದುಹೋಗುತ್ತದೆ. ಆ ಗಡಿಯಲ್ಲಿ ಪಂಪಿನ ಸವೆದ ಟ್ಯೂಬೂ ಫಲಿತಾಂಶ ಕೆಡಿಸಬಲ್ಲದು, ಹಾಗಾಗಿ ದಿನಾ ಬೆಳಿಗ್ಗೆ ಅಳತೆ ಸಿಲಿಂಡರ್ ಹಿಡಿದು ನೋಡಿ. ಈಗಿನ ಹರಿವಿಗೆ ನಿಮಿಷಕ್ಕೆ ಸರಿಯಾಗಿ 10 ಮಿ.ಲೀ. ಬೀಳಬೇಕು.