ಅಜ್ಜನ ಡಿಸ್ಚಾರ್ಜ್ ಬುಕ್ಕಿನಲ್ಲಿ 1971ರ ಮೆಡಲ್‌ಗಳೇ ಇಲ್ಲ. ಈಗ ಸೇರಿಸಲು ಆಗುತ್ತದಾ?

ಆಗುತ್ತದೆ. ಐವತ್ತು ವರ್ಷ ಕಳೆಯಿತು ಎಂಬ ಒಂದೇ ಕಾರಣಕ್ಕೆ ಕೈಬಿಡಬೇಡಿ.

ನೀವು ಬರೆದದ್ದನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ. ನಿಮ್ಮ ಅಜ್ಜ ಕಾರ್ಕಳದ ಕಡೆಯವರು. 1964ರಲ್ಲಿ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿಗೆ (ಎಂಇಜಿ) ಸೇರಿ, 1981ರಲ್ಲಿ ಪಿಂಚಣಿಯೊಂದಿಗೆ ಮನೆಗೆ ಬಂದರು. ಬಾಂಗ್ಲಾದೇಶದ ಯುದ್ಧದಲ್ಲಿ ಪೂರ್ವದ ಗಡಿಯಲ್ಲಿದ್ದರು. ಹಳೇ ಫೋಟೋದಲ್ಲಿ ಎದೆಯ ಮೇಲೆ ನಾಲ್ಕು ರಿಬ್ಬನ್ ಇವೆ, ಡಿಸ್ಚಾರ್ಜ್ ಬುಕ್ಕಿನಲ್ಲಿ ಬರೆದಿರುವುದು ಎರಡೇ. ಕೊನೆಗೆ ಒಂದು ಸಾಲಿನಲ್ಲಿ, ಕಾಲಿಗೆ ಶೆಲ್ಲಿನ ಚೂರು ತಾಗಿ ಆಸ್ಪತ್ರೆಯಲ್ಲಿದ್ದರು ಎಂದೂ ಹೇಳಿದ್ದೀರಿ. ಆ ಸಾಲಿಗೆ ಆಮೇಲೆ ಬರುತ್ತೇನೆ. ನನ್ನ ಪ್ರಕಾರ ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ದೊಡ್ಡ ವಿಷಯ ಅದೇ.

ನಾನು ಸೇನೆಯಲ್ಲಿ ಕ್ಲರ್ಕ್ ಆಗಿದ್ದವನು. ಈಗ ಬ್ರಹ್ಮಾವರದಲ್ಲಿದ್ದೇನೆ. ಊರಿನ ಮಾಜಿ ಸೈನಿಕರ ಕಾಗದಪತ್ರಗಳಿಗೆ ಕೈಲಾದ ಸಹಾಯ ಮಾಡುತ್ತೇನೆ. ಹಾಗಾಗಿ ಆಫೀಸಿನ ಒಳಗೆ ಈ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನೇ ಹೇಳುತ್ತೇನೆ.

ಸೈನಿಕನ ಬದುಕಿನಲ್ಲಿ ಏನೇ ಆದರೂ ಯುನಿಟ್‌ನಲ್ಲಿ ಒಂದು ಆದೇಶ ಹೊರಡುತ್ತದೆ. ಅದಕ್ಕೆ ಪಾರ್ಟ್ ಟು ಆರ್ಡರ್ ಎನ್ನುತ್ತೇವೆ. ಮದುವೆ, ಮಗು, ಬಡ್ತಿ, ವರ್ಗಾವಣೆ, ಗಾಯ, ಮೆಡಲ್, ಎಲ್ಲಕ್ಕೂ ಅದು ಬೇಕು. ಆ ಆದೇಶ ರೆಕಾರ್ಡ್ ಆಫೀಸಿಗೆ ಹೋಗುತ್ತದೆ, ಅಲ್ಲಿ ಶೀಟ್ ರೋಲ್ ಎಂಬ ಸೇವಾ ದಾಖಲೆಯಲ್ಲಿ ಏರುತ್ತದೆ. ಮನೆಗೆ ಬರುವಾಗ ಕೊಡುವ ಡಿಸ್ಚಾರ್ಜ್ ಬುಕ್ಕನ್ನು ಅದನ್ನು ನೋಡಿಯೇ ತುಂಬಿಸುತ್ತಾರೆ. ಅಂದರೆ ಬುಕ್ಕಿನಲ್ಲಿ ಮೆಡಲ್ ಇಲ್ಲ ಎಂದರೆ ಎರಡರಲ್ಲಿ ಒಂದು ಆಗಿರಬೇಕು. ಆದೇಶ ಹೊರಟಿದೆ, ಬುಕ್ಕಿಗೆ ಇಳಿದಿಲ್ಲ. ಅಥವಾ ಆದೇಶವೇ ಹೊರಟಿಲ್ಲ. ಮೊದಲನೆಯದಾದರೆ ಕೆಲಸ ಸುಲಭ. ಎರಡನೆಯದಾದರೆ ಅಜ್ಜ ಆಗ ಅಲ್ಲಿದ್ದರು ಎಂಬುದನ್ನು ತೋರಿಸಬೇಕು. ನಿಮ್ಮದು ಯಾವುದು ಎಂದು ತಿಳಿಯದೆ ‘ಮೆಡಲ್ ಕೊಡಿ’ ಎಂದು ಬರೆದರೆ, ‘ದಾಖಲೆಯಲ್ಲಿ ಇಲ್ಲ’ ಎಂಬ ಒಂದು ಸಾಲಿನ ಉತ್ತರ ಬರುತ್ತದೆ. ಎಷ್ಟೋ ಮನೆಯವರು ಅಲ್ಲಿಗೇ ನಿಂತುಬಿಡುತ್ತಾರೆ. ನನಗೆ ತುಂಬಾ ಬೇಸರ ಆಗುವುದು ಅದಕ್ಕೇ.

ಇಲ್ಲಿ ಒಂದು ಭೇದ ತಿಳಿದಿರಲಿ. ವೀರ ಚಕ್ರ, ಸೇನಾ ಮೆಡಲ್ ಇಂಥವು ಶೌರ್ಯದ ಪ್ರಶಸ್ತಿಗಳು. ಕಮಾಂಡಿಂಗ್ ಆಫೀಸರ್ ಶಿಫಾರಸು ಮಾಡಿ, ಮೇಲೆ ಒಪ್ಪಿಗೆಯಾಗಿ, ಭಾರತ ಸರಕಾರದ ಗೆಜೆಟ್‌ನಲ್ಲಿ ಬಂದರೆ ಮಾತ್ರ ಅವು ಸಿಗುತ್ತವೆ. ಇಷ್ಟು ವರ್ಷದ ಮೇಲೆ ಮನೆಯವರು ಅರ್ಜಿ ಹಾಕಿ ಪಡೆಯುವಂಥದ್ದಲ್ಲ. ಸೇವಾ ಮೆಡಲ್‌ಗಳು ಹಾಗಲ್ಲ. ಇಂಥ ಕಾಲದಲ್ಲಿ, ಇಂಥ ಜಾಗದಲ್ಲಿ, ಇಷ್ಟು ದಿನ ಇದ್ದವರಿಗೆ ಇದು ಸಲ್ಲಬೇಕು ಎಂದು ನಿಯಮವೇ ಹೇಳುತ್ತದೆ. ಅದು ಹಕ್ಕು. ನೀವು ಕೇಳುತ್ತಿರುವುದು ಇದನ್ನೇ.

ನಿಮ್ಮ ಅಜ್ಜನ ಲೆಕ್ಕ ನೋಡೋಣ. 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದರು, ಹಾಗಾಗಿ ಸ್ವಾತಂತ್ರ್ಯದ 25ನೇ ವರ್ಷದ ಮೆಡಲ್. ಒಂಬತ್ತು ವರ್ಷ ದಾಟಿದ್ದಾರೆ, ಹಾಗಾಗಿ 9 ವರ್ಷದ ದೀರ್ಘ ಸೇವಾ ಮೆಡಲ್. ಬುಕ್ಕಿನಲ್ಲಿರುವ ಎರಡು ಇವೇ ಇರಬಹುದು, ಒಮ್ಮೆ ನೋಡಿ. ಉಳಿದದ್ದು ಯುದ್ಧದ್ದು. ಪೂರ್ವದ ರಣರಂಗದಲ್ಲಿ ಇದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿ ಇದ್ದವರಿಗೆ ಪಶ್ಚಿಮಿ ಸ್ಟಾರ್. ಇದಲ್ಲದೆ 1971ರ ಡಿಸೆಂಬರ್ 3ರಿಂದ 1972ರ ಡಿಸೆಂಬರ್ 20ರ ಒಳಗೆ ಗಡಿ ರಾಜ್ಯಗಳಲ್ಲಿ ಸೇವೆ ಮಾಡಿದವರಿಗೆ ಸಂಗ್ರಾಮ್ ಮೆಡಲ್. 1965ರ ಯುದ್ಧಕ್ಕೂ ಸಮರ ಸೇವಾ ಸ್ಟಾರ್, ರಕ್ಷಾ ಮೆಡಲ್ ಎಂದು ಬೇರೆ ಇವೆ. ಆಗ ಅವರು ಹೊಸಬರು. ಅದನ್ನೂ ಪತ್ರದಲ್ಲಿ ಕೇಳಿಬಿಡಿ.

ಫೋಟೋ ಕಪ್ಪು ಬಿಳುಪಾದ್ದರಿಂದ ರಿಬ್ಬನ್‌ನ ಬಣ್ಣ ತಿಳಿಯುವುದಿಲ್ಲ. ಆದರೆ ಸಾಲಿನ ಕ್ರಮ ಸಹಾಯ ಮಾಡುತ್ತದೆ. ಅಂಗಿಯ ಗುಂಡಿಯ ಕಡೆಗೆ ಇರುವುದು ಹಿರಿಯ ಮೆಡಲ್. ಸ್ವಾತಂತ್ರ್ಯದ ವರ್ಷದ್ದು, ದೀರ್ಘ ಸೇವೆಯದ್ದು ತೋಳಿನ ಕಡೆಗೆ ಬರುತ್ತವೆ. ಯುದ್ಧದ ಎರಡು ರಿಬ್ಬನ್ ಇದ್ದರೆ ಗುಂಡಿಯ ಕಡೆಯೇ ಇರಬೇಕು. ಮನೆಯಲ್ಲಿ ಮೆಡಲ್ ಏನಾದರೂ ಇದ್ದರೆ ಅದರ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ನಂಬರ್, ರ‍್ಯಾಂಕ್, ಹೆಸರು ಅಲ್ಲಿ ಕೊರೆದಿರುತ್ತದೆ. ಅದಕ್ಕಿಂತ ಒಳ್ಳೆ ಸಾಕ್ಷಿ ಬೇಕಿಲ್ಲ. ಬ್ರಾಸೋ ಹಾಕಿ ಉಜ್ಜಬೇಡಿ, ಅಕ್ಷರ ಸವೆಯುತ್ತದೆ.

ಈಗ ಗಾಯದ ವಿಷಯ. ಶತ್ರುವಿನ ಗುಂಡು, ಶೆಲ್ಲಿನಿಂದ ಗಾಯವಾದವರಿಗೆ ಪರಾಕ್ರಮ ಪದಕ ಎಂದು ಬೇರೆಯೇ ಒಂದು ಮೆಡಲ್ ಇದೆ. ಅದು ಸಿಗಬೇಕಾದರೆ ಆ ಗಾಯ ‘ಬ್ಯಾಟಲ್ ಕ್ಯಾಶುವಾಲ್ಟಿ’, ಅಂದರೆ ಯುದ್ಧದಲ್ಲಿ ಆದದ್ದು, ಎಂದು ದಾಖಲಾಗಿರಬೇಕು. ಸಾಮಾನ್ಯ ಗಾಯ ಎಂದು ಬರೆದಿದ್ದರೆ, ಅಥವಾ ಬರೆಯದೇ ಬಿಟ್ಟಿದ್ದರೆ, ಹೋಗುವುದು ಮೆಡಲ್ ಮಾತ್ರ ಅಲ್ಲ. ಆ ಗಾಯದಿಂದ ಕಾಲಿನಲ್ಲಿ ಊನ ಉಳಿದು, ಮನೆಗೆ ಬರುವಾಗಿನ ವೈದ್ಯಕೀಯ ಮಂಡಳಿ ಅದನ್ನು ಬರೆದಿದ್ದರೆ, ಪಿಂಚಣಿಯ ಪ್ರಶ್ನೆಯೂ ಏಳುತ್ತದೆ. ನಮ್ಮ ಕಡೆಯ ಹಿರಿಯರು ಇದನ್ನೆಲ್ಲ ಬಾಯಿಬಿಟ್ಟು ಹೇಳುವುದಿಲ್ಲ ಮಾರಾಯ್ರೇ. ‘ಎಂಥದ್ದೂ ಇಲ್ಲ, ಸಣ್ಣ ಚೂರು’ ಎಂದುಬಿಡುತ್ತಾರೆ. ಹಾಗಾಗಿ ಅಜ್ಜನನ್ನು ಕೂರಿಸಿ ನಿಧಾನಕ್ಕೆ ಕೇಳಿ. ಯಾವ ಫೀಲ್ಡ್ ಕಂಪನಿ? ಎಲ್ಲಿ ಸೇತುವೆ ಕಟ್ಟುತ್ತಿದ್ದರು, ಎಲ್ಲಿ ಮೈನ್ ತೆಗೆಯುತ್ತಿದ್ದರು? ಗಾಯವಾದ ದಿನ ಯುದ್ಧ ಶುರುವಾಗಿ ಎಷ್ಟು ದಿನ ಆಗಿತ್ತು? ಮೊದಲು ಯಾವ ಆಸ್ಪತ್ರೆ, ಆಮೇಲೆ ಯಾವುದು? ಯಾರು ಜೊತೆಗಿದ್ದರು? ಅವರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ದಿನಾಂಕ ನೆನಪಿಲ್ಲದಿದ್ದರೆ ಪರವಾಗಿಲ್ಲ, ಜಾಗದ ಹೆಸರು ಸಿಕ್ಕರೂ ಸಾಕು. ಕಂಪನಿ ಮತ್ತು ಜಾಗ ಗೊತ್ತಾದರೆ ದಿನವನ್ನು ದಾಖಲೆಯಿಂದ ಹುಡುಕಬಹುದು. ಈ ಕೆಲಸವನ್ನು ಈ ವಾರವೇ ಮಾಡಿ. ಕಾಗದ ಕಾಯುತ್ತದೆ, ಎಂಬತ್ತು ದಾಟಿದವರ ನೆನಪು ಕಾಯುವುದಿಲ್ಲ.

ಬರೆಯಬೇಕಾದದ್ದು ಬೆಂಗಳೂರಿನಲ್ಲಿರುವ ಎಂಇಜಿ ರೆಕಾರ್ಡ್ಸ್‌ಗೆ. ಇದನ್ನು ಓದುವ ಬೇರೆಯವರಿಗೆ ಹೇಳುವುದಾದರೆ, ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿದೆ, ಆರ್ಟಿಲರಿಯದು ನಾಸಿಕ್ ರೋಡ್, ಸಿಗ್ನಲ್ಸ್‌ದು ಜಬಲ್ಪುರ, ಇಎಂಇಯದು (ಸೇನೆಯ ಯಂತ್ರ, ವಾಹನ ರಿಪೇರಿಯ ದಳ) ಸಿಕಂದರಾಬಾದ್. ನೌಕಾಪಡೆಯ ಸೈಲರ್‌ಗಳದ್ದು ಮುಂಬೈಯಲ್ಲಿ, ವಾಯುಪಡೆಯದ್ದು ದೆಹಲಿಯಲ್ಲಿ. ಮಂಗಳೂರಿನ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿ ನಮ್ಮ ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳನ್ನು ನೋಡಿಕೊಳ್ಳುತ್ತದೆ. ಅದು ರಾಜ್ಯ ಸರಕಾರದ್ದು, ಸೇವಾ ದಾಖಲೆ ಅವರಲ್ಲಿ ಇರುವುದಿಲ್ಲ. ಆದರೆ ಅವರ ಮೂಲಕ ಅರ್ಜಿ ಕಳಿಸಿ. ಅವರ ಮುದ್ರೆ ಇರುವ ಕವರಿಂಗ್ ಲೆಟರ್ ಜೊತೆಗಿದ್ದರೆ ನಿಮ್ಮ ಅಜ್ಜ ಯಾರು ಎಂಬ ಅನುಮಾನಕ್ಕೆ ಜಾಗ ಇರುವುದಿಲ್ಲ.

ಮೊದಲ ಪತ್ರದಲ್ಲಿ ಮೆಡಲ್ ಕೇಳಬೇಡಿ. ಶೀಟ್ ರೋಲ್‌ನ ಪ್ರತಿ ಕೇಳಿ. ಜೊತೆಗೆ ಮೆಡಲ್ ಮತ್ತು ಗಾಯದ ಬಗ್ಗೆ ಹೊರಟ ಎಲ್ಲ ಪಾರ್ಟ್ ಟು ಆರ್ಡರ್‌ಗಳ ಪ್ರತಿ, ವೈದ್ಯಕೀಯ ಮಂಡಳಿಯ ಕಾಗದಗಳ ಪ್ರತಿ ಕೇಳಿ. ಮಾಹಿತಿ ಹಕ್ಕಿನಡಿ ಕೇಳಿದರೆ ಒಳ್ಳೆಯದು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು, 30 ದಿನದಲ್ಲಿ ಉತ್ತರ ಕೊಡಲೇಬೇಕು. ಅರ್ಜಿ ಅಜ್ಜನ ಹೆಸರಿನಲ್ಲೇ, ಅವರ ಸಹಿಯಲ್ಲೇ ಹೋಗಲಿ. ನಿಮ್ಮ ಹೆಸರಿನಲ್ಲಿ ಹೋದರೆ ಬೇರೊಬ್ಬರ ವೈಯಕ್ತಿಕ ಮಾಹಿತಿ ಎಂದು ತಳ್ಳಿಹಾಕಬಹುದು. ಅಜ್ಜ ತೀರಿಹೋದ ಮನೆಗಳಲ್ಲಿ ಅಜ್ಜಿಯ ಹೆಸರಿನಲ್ಲಿ ಹಾಕಬೇಕು.

ಪ್ರತಿ ಕೈಗೆ ಬಂದಾಗ ‘ಆಪ್ ಕ್ಯಾಕ್ಟಸ್ ಲಿಲಿ’ ಎಂಬ ಮಾತನ್ನು ಹುಡುಕಿ. 1971ರ ಕಾರ್ಯಾಚರಣೆಗೆ ಸೇನೆ ಇಟ್ಟ ಹೆಸರು ಅದು. ಅದು ಕಂಡರೆ ಅರ್ಧ ಗೆದ್ದಂತೆ. ಆಮೇಲೆ ಎರಡನೇ ಪತ್ರ. ‘ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ಇಂಥ ಕಂಪನಿಯಲ್ಲಿ ಇಂಥ ಜಾಗದಲ್ಲಿ ಇದ್ದೆ ಎಂದು ನನ್ನ ದಾಖಲೆಯ ಇಂಥ ಪುಟ ಹೇಳುತ್ತದೆ. ಆದ್ದರಿಂದ ಪೂರ್ವಿ ಸ್ಟಾರ್, ಸಂಗ್ರಾಮ್ ಮೆಡಲ್ ದಾಖಲಿಸಿ, ಡಿಸ್ಚಾರ್ಜ್ ಬುಕ್ಕಿನಲ್ಲಿ ತಿದ್ದುಪಡಿ ಮಾಡಿ, ಮೆಡಲ್ ಕಳಿಸಿಕೊಡಿ.’ ಇಷ್ಟೇ, ಇಂಗ್ಲಿಷ್ ಅಥವಾ ಹಿಂದಿಯಲ್ಲಿ, ಒಂದು ಪುಟ ಮೀರದಂತೆ. ಮೂಲ ಬುಕ್ಕನ್ನು ಅಂಚೆಗೆ ಹಾಕಬೇಡಿ. ಮೂಲವೇ ಬೇಕು ಎಂದು ಅವರು ಬರೆದು ಕೇಳಿದರೆ, ಪ್ರತಿ ಪುಟದ ಫೋಟೋ ತೆಗೆದಿಟ್ಟು, ಅಜ್ಜನೊಂದಿಗೆ ಅಥವಾ ಅವರ ಅಧಿಕಾರ ಪತ್ರದೊಂದಿಗೆ ನೀವೇ ಬೆಂಗಳೂರಿಗೆ ಹೋಗಿ ಬನ್ನಿ.

ಪಿಂಚಣಿ ಇಲ್ಲದೆ ಬಂದವರ ಕಾಗದಗಳನ್ನು 25 ವರ್ಷದ ನಂತರ ನಾಶ ಮಾಡುವ ನಿಯಮವಿದೆ. ಅಂಥವರಿಗೆ ಲಾಂಗ್ ರೋಲ್ ಎಂಬ ಕಾಯಂ ರಿಜಿಸ್ಟರಿನ ಕೆಲವು ಸಾಲು ಮಾತ್ರ ಸಿಗುತ್ತದೆ. ನಿಮ್ಮ ಅಜ್ಜ ಪಿಂಚಣಿದಾರರು, ಆ ಮಟ್ಟಿಗೆ ನೀವು ಗಟ್ಟಿ ನೆಲದ ಮೇಲಿದ್ದೀರಿ. ಆದೇಶವೇ ಹೊರಟಿಲ್ಲ ಎಂದಾದರೆ ಅವರ ಫೀಲ್ಡ್ ಕಂಪನಿಗೇ ಬರೆಯಬೇಕು. ಜೊತೆಗಿದ್ದವರು ಬದುಕಿದ್ದರೆ ಅವರ ಅಫಿಡವಿಟ್ ಮಾಡಿಸಿ. ಅದೊಂದರಿಂದಲೇ ಮೆಡಲ್ ಬರುವುದಿಲ್ಲ, ಆದರೆ ಎಲ್ಲಿ ಹುಡುಕಬೇಕು ಎಂಬುದಕ್ಕೆ ದಾರಿ ತೋರಿಸುತ್ತದೆ.

ನಮ್ಮ ಊರಿನವರಿಗೆ ಜಾಸ್ತಿ ತೊಂದರೆ ಕೊಡುವುದು ಹೆಸರು ಮತ್ತು ವಿಳಾಸ. ಭರ್ತಿಯ ದಿನ ಬೇರೆ ರಾಜ್ಯದ ಕ್ಲರ್ಕ್ ಕಿವಿಗೆ ಬಿದ್ದಂತೆ ಬರೆದುಕೊಂಡಿರುತ್ತಾನೆ. ಪೂಜಾರಿ, ಶೆಟ್ಟಿ, ಆಚಾರ್ಯ, ಒಂದೊಂದಕ್ಕೂ ಇಂಗ್ಲಿಷ್‌ನಲ್ಲಿ ಎರಡು ಮೂರು ಸ್ಪೆಲ್ಲಿಂಗ್. ಇನ್ನು ವಿಳಾಸ. 1964ರ ದಾಖಲೆಯಲ್ಲಿ ನಿಮ್ಮ ಊರು ಸೌತ್ ಕೆನರಾ (ದಕ್ಷಿಣ ಕನ್ನಡ) ಜಿಲ್ಲೆ, ಮೈಸೂರು ರಾಜ್ಯ ಎಂದಿರುತ್ತದೆ. ಆಧಾರ್‌ನಲ್ಲಿ ಉಡುಪಿ ಜಿಲ್ಲೆ, ಕರ್ನಾಟಕ. ರಾಜ್ಯದ ಹೆಸರು ಬದಲಾದದ್ದು 1973ರಲ್ಲಿ, ಉಡುಪಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ನಮಗೆ ಇದು ಗೊತ್ತಿರುವ ಸಂಗತಿ, ದೂರದ ಊರಿನಿಂದ ಬಂದ ಕ್ಲರ್ಕ್‌ಗೆ ಗೊತ್ತಿರಬೇಕಿಲ್ಲ. ಎರಡೂ ಹೆಸರು, ಎರಡೂ ವಿಳಾಸ ಒಬ್ಬರದ್ದೇ ಎಂದು ನೋಟರಿ ಅಫಿಡವಿಟ್ ಮಾಡಿಸಿ ಮೊದಲ ಪತ್ರದ ಜೊತೆಗೇ ಇಡಿ. ಪಿಪಿಒದಲ್ಲಿರುವ (ಪಿಂಚಣಿ ಪಾವತಿಯ ಆದೇಶ) ಸ್ಪೆಲ್ಲಿಂಗ್ ಮತ್ತು ಸೇನಾ ನಂಬರನ್ನೇ ಎಲ್ಲ ಕಡೆ ಬಳಸಿ.

ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಮೊದಲ ಮೇಲ್ಮನವಿ ಇದೆ. ಅರ್ಹತೆ ಇದ್ದೂ ನಿರಾಕರಿಸಿದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ, ಕರ್ನಾಟಕ ಅದರ ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತದೆ. ಬರೀ ಸೇವಾ ಮೆಡಲ್‌ಗಾಗಿ ಅಲ್ಲಿಯವರೆಗೆ ಹೋಗಬೇಕಾಗಿ ಬರುವುದು ಕಡಿಮೆ. ಗಾಯದ ವಿಷಯಕ್ಕೆ ಬೇಕಾಗಬಹುದು, ಆಗ ವಕೀಲರನ್ನು ನೋಡಿ.

ಸೇವಾ ಮೆಡಲ್‌ನಿಂದ ದುಡ್ಡೇನೂ ಬರುವುದಿಲ್ಲ, ಮತ್ತೆ ಇಷ್ಟೆಲ್ಲ ಯಾಕೆ ಎಂದು ಮನೆಯಲ್ಲಿ ಯಾರೋ ಕೇಳುತ್ತಿದ್ದಾರೆ ಎಂದು ಬರೆದಿದ್ದೀರಿ. ಡಿಸೆಂಬರ್ 16ರ ವಿಜಯ ದಿವಸಕ್ಕೆ ಅಜ್ಜನನ್ನು ಮಂಗಳೂರಿನ ಕದ್ರಿಯ ಯುದ್ಧ ಸ್ಮಾರಕಕ್ಕೆ ಕರೆದುಕೊಂಡು ಹೋಗಿ, ಅವರ ಜೊತೆ ನಿಂತು ನೋಡಿ ಎಂದು ಅವರಿಗೆ ಹೇಳಿ. ಆ ಹಿರಿಯರು ಕೊಟ್ಟದ್ದು ಹದಿನೇಳು ವರ್ಷ. ಅದನ್ನು ಸರಿಯಾಗಿ ಬರೆದಿಡುವುದು ನಮ್ಮೆಲ್ಲರ ಕೆಲಸ.

ಅಜ್ಜನಿಂದ ಕಂಪನಿಯ ನಂಬರ್ ಸಿಕ್ಕರೆ ಇಲ್ಲೇ ಬರೆಯಿರಿ, ಪತ್ರದ ಕರಡನ್ನು ನಾನು ನೋಡಿಕೊಡುತ್ತೇನೆ. ಅವರ ಸೇನಾ ನಂಬರ್, ಪಿಪಿಒ ನಂಬರ್ ಮಾತ್ರ ಇಲ್ಲಿ ಹಾಕಬೇಡಿ.