ಲಾಂಗ್ ನೈಟ್ ಎಪಿಸೋಡಿಗೆ ಜನ ಬೈದದ್ದು ಕತ್ತಲೆಗಾ, ಕತೆಗಾ?

ನೀವು ಕೇಳಿದ್ದು ಇದು: "ಗೇಮ್ ಆಫ್ ಥ್ರೋನ್ಸ್ ಧಾರಾವಾಹಿಯ ‘ದಿ ಲಾಂಗ್ ನೈಟ್’ ಯುದ್ಧದ ಎಪಿಸೋಡ್ ಈಗಷ್ಟೇ ನೋಡಿದೆ. ನನಗೆ ಚೆನ್ನಾಗೇ ಅನಿಸಿತು. ಅದು ಬಂದಾಗ ಜನ ಅಷ್ಟೊಂದು ಯಾಕೆ ಬೈದರು? ಪುಸ್ತಕ ಓದಿದವರಿಗೆ ಸಿಟ್ಟು ಇನ್ನೂ ಜಾಸ್ತಿ ಇತ್ತಂತೆ, ಹೌದಾ?"

ಕೊನೆಯ ಮಾತಿನಿಂದಲೇ ಶುರು ಮಾಡ್ತೇನೆ. ಪುಸ್ತಕಕ್ಕೆ ಮೋಸ ಆಯಿತು ಅಂತ ಸಿಟ್ಟಾಗೋಕೆ ಇಲ್ಲಿ ದಾರಿಯೇ ಇರಲಿಲ್ಲ. ಧಾರಾವಾಹಿಗೆ ಮೂಲವಾದ ಜಾರ್ಜ್ ಮಾರ್ಟಿನ್ ಅವರ ಕಾದಂಬರಿ ಸರಣಿಯಲ್ಲಿ ಈ ಯುದ್ಧ ಇನ್ನೂ ನಡೆದೇ ಇಲ್ಲ. ಐದನೇ ಪುಸ್ತಕ ಬಂದದ್ದು 2011ರಲ್ಲಿ. ಧಾರಾವಾಹಿಯ ಕತೆ ಅದನ್ನು ದಾಟಿ ಎಷ್ಟೋ ಮುಂದೆ ಹೋಗಿತ್ತು. ಅಷ್ಟೇ ಅಲ್ಲ, ಹೆಣಗಳನ್ನು ಎಬ್ಬಿಸಿ ಸೈನ್ಯ ಕಟ್ಟಿ ಬರುವ ಆ ನೀಲಿ ಕಣ್ಣಿನ ನೈಟ್ ಕಿಂಗ್ ಇದಾನಲ್ಲ, ಅವನೇ ಪುಸ್ತಕದಲ್ಲಿಲ್ಲ. ಅಂಥದ್ದೇ ಹೆಸರಿನವನೊಬ್ಬ ಹಳೇ ದಂತಕತೆಯಲ್ಲಿ ಬರ್ತಾನೆ, ಆದರೆ ಅವನ ಕತೆ ಬೇರೆ. ಹಾಗಾಗಿ ಓದಿದವರು, ಓದದವರು ಎಲ್ಲರೂ ಆ ದಿನ ಒಂದೇ ಸಾಲಿನಲ್ಲಿ ಕೂತಿದ್ದೆವು. (ಮುಂದೆ ಕತೆಯ ಗುಟ್ಟೆಲ್ಲ ಬಿಚ್ಚಿಡ್ತೇನೆ. ನೋಡದವರು ಇಲ್ಲೇ ನಿಲ್ಲಿ.)

ನಾನು ಕಲಬುರಗಿಯವನು. ನಮ್ಮದೊಂದು ವಾಟ್ಸಾಪ್ ಗ್ರೂಪ್ ಇದೆ. ಕಲಬುರಗಿ, ಬೀದರ್, ಯಾದಗಿರಿಯ ಹುಡುಗ ಹುಡುಗಿಯರು, ಕಾಲೇಜಿನಲ್ಲಿ ಕೂಡಿದವರು. ಎಪಿಸೋಡ್ ನಮಗೆ ಸಿಕ್ಕಿದ್ದು 2019ರ ಏಪ್ರಿಲ್ 29, ಸೋಮವಾರ ಬೆಳಿಗ್ಗೆ ಆರೂವರೆಗೆ. ಅಮೆರಿಕದಲ್ಲಿ ಆಗ ಭಾನುವಾರ ರಾತ್ರಿ. ಅಲ್ಲಿಯವರು ದೀಪ ಆರಿಸಿಕೊಂಡು ನೋಡಿದ್ದನ್ನೇ ನಾವು ಬಿಸಿಲಿನಲ್ಲಿ ಕೂತು ನೋಡಬೇಕಾಯಿತು. ಏಪ್ರಿಲ್ ಕೊನೆಗೆ ಕಲಬುರಗಿಯಲ್ಲಿ ಆರೂವರೆ ಅಂದ್ರೆ ಸೂರ್ಯ ಆಗಲೇ ಮನೆಯೊಳಗೆ ಬಂದಿರ್ತಾನೆ. ಸೆಕೆಗೆ ಕಿಟಕಿ ಮುಚ್ಚೋ ಹಾಗಿಲ್ಲ, ತೆರೆದರೆ ಮೊಬೈಲ್‌ ಪರದೆಯಲ್ಲಿ ನಮ್ಮದೇ ಮುಖ ಕಾಣುತ್ತೆ. ಆರೂಮುಕ್ಕಾಲಿಗೆ ಗ್ರೂಪಿನಲ್ಲಿ ಮೊದಲ ಮೆಸೇಜ್ ಬಂತು: "ಏನೂ ಕಾಣವಲ್ದು. ನಂದಷ್ಟೇ ಹಿಂಗ ಏನ್?" ಆಮೇಲೆ ಅದೇ ಸಾಲು ಬೇರೆ ಬೇರೆಯವರಿಂದ. ಒಬ್ಬಳು ಪೂರ್ತಿ ಕಪ್ಪು ಸ್ಕ್ರೀನ್‌ಶಾಟ್ ಹಾಕಿ, "ಇದ್ರಾಗ ಜಾನ್ ಸ್ನೋ ಎಲ್ಲಿದಾನ ಹುಡುಕ್ರಿ" ಅಂದಳು. (ಜಾನ್ ಅಂದ್ರೆ ಕತೆಯ ನಾಯಕರಲ್ಲೊಬ್ಬ.) ಜಗತ್ತಿನಾದ್ಯಂತ ಅದೇ ತಮಾಷೆ ನಡೀತಿತ್ತು ಅನ್ನೋದು ಆಮೇಲೆ ಗೊತ್ತಾಯಿತು.

ಕತ್ತಲೆಯ ದೂರು ಅರ್ಧ ನಿಜ, ಅರ್ಧ ಅನ್ಯಾಯ. ಕ್ಯಾಮೆರಾ ನೋಡಿಕೊಂಡ ಫೇಬಿಯನ್ ವ್ಯಾಗ್ನರ್, ತಾನು ಚಿತ್ರಿಸಿದ್ದರಲ್ಲಿ ತಪ್ಪಿಲ್ಲ, ಎಷ್ಟೋ ಜನಕ್ಕೆ ತಮ್ಮ ಟಿವಿಯನ್ನು ಸರಿಯಾಗಿ ಹೊಂದಿಸಿಕೊಳ್ಳೋಕೇ ಬರಲ್ಲ ಎಂಬರ್ಥದಲ್ಲಿ ಮಾತಾಡಿದ. ಅದು ಉರಿಯೋ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು. ಆದರೆ ಅವನ ಮಾತಲ್ಲಿ ಸತ್ಯ ಇಲ್ಲದೇ ಇಲ್ಲ. ತೊಂದರೆ ಇರೋದು ನಡುವಿನ ದಾರಿಯಲ್ಲಿ. ಇಂಟರ್ನೆಟ್ಟಿನಲ್ಲಿ ಬರುವ ವಿಡಿಯೋವನ್ನು ಕುಗ್ಗಿಸಿ ಕಳಿಸ್ತಾರೆ. ಕುಗ್ಗಿಸುವಾಗ ಕಡುಕಪ್ಪು, ನಸುಗಪ್ಪು, ಕಪ್ಪುನೀಲಿ ಎಲ್ಲ ಸೇರಿ ಒಂದೇ ಕಪ್ಪಾಗುತ್ತೆ. ಅದರ ಮೇಲೆ ಹಿಮದ ಬಿರುಗಾಳಿ, ಹೊಗೆ, ಸಾವಿರಾರು ಹೆಣಗಳ ಓಟ. ಕ್ಷಣ ಕ್ಷಣಕ್ಕೂ ಚಿತ್ರ ಪೂರ್ತಿ ಬದಲಾಗ್ತಾ ಇದ್ರೆ, ಕುಗ್ಗಿಸಿದ ವಿಡಿಯೋ ಅದನ್ನು ತಾಳಿಕೊಳ್ಳಲ್ಲ, ಚೌಕ ಚೌಕವಾಗಿ ಒಡೆಯುತ್ತೆ. 55 ರಾತ್ರಿ ಚಳಿಯಲ್ಲಿ ನಿಂತು ಹೊರಾಂಗಣದಲ್ಲಿ ಶೂಟ್ ಮಾಡಿದ್ದು, ನಮ್ಮ ಕೈಗೆ ಬರುವಷ್ಟರಲ್ಲಿ ಮಸಿ ಆಗಿತ್ತು.

ನೀವು ನೋಡಿದ್ದು ಬಹುಶಃ ಒಳ್ಳೇ ಟಿವಿಯಲ್ಲಿ, ರಾತ್ರಿ. ಅದಕ್ಕೇ ಚೆನ್ನಾಗಿ ಕಂಡಿದೆ. ನಾನೂ ಆಮೇಲೆ ಹಾಗೇ ನೋಡಿದೆ. ಟಿವಿಯ ವಿದ್ಯುತ್ ಉಳಿಸುವ ಸೆಟ್ಟಿಂಗ್ ತೆಗೆದು, ಸಿನಿಮಾ ಮೋಡ್ ಹಾಕಿ, ಲೈಟ್ ಆರಿಸಿ ನೋಡಿದರೆ ಅದು ಬೇರೆಯೇ ಎಪಿಸೋಡ್. ಡೋಥ್ರಾಕಿ ಬುಡಕಟ್ಟಿನ ಕುದುರೆ ಸವಾರರ ಆ ದೃಶ್ಯ ನೆನಪಿಸಿಕೊಳ್ಳಿ. ಮಾಟಗಾತಿ ಮೆಲಿಸಾಂಡ್ರೆ ಬಂದು ಮಂತ್ರ ಹೇಳ್ತಾಳೆ, ಅಷ್ಟೂ ಜನರ ಬಾಗುಗತ್ತಿಗೆ ಬೆಂಕಿ ಹತ್ತಿಕೊಳ್ಳುತ್ತೆ. ಕೂಗ್ತಾ ಕತ್ತಲೆಯೊಳಗೆ ನುಗ್ಗುತ್ತಾರೆ. ಆಮೇಲೆ ಕ್ಯಾಮೆರಾ ಕೋಟೆಯ ಕಡೆ ಉಳಿದವರ ಜೊತೆ ನಿಲ್ಲುತ್ತೆ. ದೂರದಲ್ಲಿ ಆ ಬೆಂಕಿಯ ಚುಕ್ಕೆಗಳು ಒಂದೊಂದಾಗಿ ಆರುತ್ತವೆ. ಕೂಗು ನಿಲ್ಲುತ್ತೆ. ಸವಾರರಿಲ್ಲದ ಕೆಲವು ಕುದುರೆ ವಾಪಸ್ ಬರುತ್ತವೆ. ಬರೀ ಆರುವ ಬೆಳಕಿನಲ್ಲೇ ಸೋಲನ್ನು ತೋರಿಸಿದ್ದು ಅದು. ಕತ್ತಲೆ ಇಲ್ಲದಿದ್ದರೆ ಆ ದೃಶ್ಯವೇ ಇಲ್ಲ. ಇದಕ್ಕೂ ಬೈದವರ ಜೊತೆ ನಾನು ಇವತ್ತಿಗೂ ಜಗಳ ಆಡ್ತೇನೆ.

ಎರಡನೇ ದೂರು ಯುದ್ಧದ ತಂತ್ರದ್ದು. ಇದರಲ್ಲಿ ನಮ್ಮ ಬೀದರ್ ಗೆಳೆಯನನ್ನು ಮೀರಿಸುವವರಿಲ್ಲ. ಅವನು ಹುಟ್ಟಿ ಬೆಳೆದದ್ದೇ ಕೋಟೆಯ ಪಕ್ಕ. ಬೀದರ್ ಕೋಟೆ ನೋಡಿದವರಿಗೆ ಗೊತ್ತು, ಅಲ್ಲಿ ಒಂದು ಕಡೆ ಕಂದಕ ಮೂರು ಸಾಲು. ಕೆಂಪು ಜಂಬಿಟ್ಟಿಗೆ ಬಂಡೆಯನ್ನೇ ಕೊರೆದು ಮಾಡಿದ್ದು, ಎರಡು ಕಂದಕದ ನಡುವೆ ಬಂಡೆಯ ಗೋಡೆಯನ್ನು ಹಾಗೇ ಬಿಟ್ಟಿದ್ದಾರೆ. ಬಂದವನು ಇಳಿಯಬೇಕು, ಹತ್ತಬೇಕು, ಮತ್ತೆ ಇಳಿಯಬೇಕು. ಅಷ್ಟರಲ್ಲಿ ಮೇಲಿನವರು ಕೆಲಸ ಮುಗಿಸ್ತಾರೆ. ಇಂಥದ್ದನ್ನು ದಿನಾ ನೋಡಿದವನಿಗೆ ಈ ಯುದ್ಧ ನಡೆಯುವ ವಿಂಟರ್‌ಫೆಲ್ ಕೋಟೆಯಲ್ಲಿ ಏನು ಕಾಣಿಸಿತು? ಸೈನ್ಯ ಕೋಟೆಯ ಹೊರಗೆ, ಕಂದಕದ ಆಚೆ. ಕಲ್ಲೆಸೆಯುವ ಯಂತ್ರಗಳು ಕಾಲಾಳುಗಳಿಗಿಂತ ಮುಂದೆ. ಅವನ ವಾಯ್ಸ್ ಮೆಸೇಜ್ ಹೀಗಿತ್ತು: "ಏ ಮಾರಾಯಾ, ಕಂದಕ ತೋಡೋದು ಯಾಕಂತ ಗೊತ್ತದ ಏನ್ ಇವ್ರಿಗೆ? ವೈರಿ ಮತ್ತ ನಮ್ಮ ನಡು ಇರ್ಬೇಕ್ ಅದು. ಇವ್ರು ನಮ್ಮ ಮಂದಿ ಮತ್ತ ನಮ್ಮ ಕೋಟಿ ನಡು ತೋಡ್ಯಾರ. ಬಹಮನಿ ಸುಲ್ತಾನ್ ಇದ್ದಿದ್ರ ಅವತ್ತೇ ಕೆಲಸದಿಂದ ತೆಗೀತಿದ್ದ."

ಆದರೂ ಎಲ್ಲಕ್ಕಿಂತ ಚೆಂದದ ವಿಮರ್ಶೆ ನಮ್ಮ ಅವ್ವನದು. ಅಡುಗೆಮನೆಗೂ ಹಾಲಿಗೂ ಓಡಾಡ್ತಾ ಕತೆಯನ್ನು ನನ್ನಿಂದ ಕೇಳಿ ತಿಳ್ಕೊಳ್ತಾ ಇದ್ದಳು. ಹೆಂಗಸರು, ಮಕ್ಕಳನ್ನೆಲ್ಲ ನೆಲಮಾಳಿಗೆಯಲ್ಲಿ ಬಚ್ಚಿಟ್ಟಿದ್ದಾರೆ, ಅದು ಅವರ ಹಿರಿಯರ ಸಮಾಧಿ ಇರೋ ಜಾಗ ಅಂದೆ. ರೊಟ್ಟಿ ಹಿಟ್ಟಿನ ಕೈಯಲ್ಲೇ ಬಂದು ನಿಂತಳು. "ಹೆಣ ಎಬ್ಬಿಸೋನು ಬಂದಾನ ಅಂತಿ. ಮತ್ತ ಮಂದಿನ್ನ ಒಯ್ದು ಹೆಣದ ನಡುವೇ ಕುಂದ್ರಿಸ್ಯಾರಲ್ಲೋ ತಮ್ಮಾ!" ಆ ಮಾತು ಮುಗಿದು ಸ್ವಲ್ಪ ಹೊತ್ತಿಗೆ ಗೋಡೆ ಒಡೆದು ಹೆಣಗಳು ಎದ್ದವು. ಇದನ್ನೇ ಅಭಿಮಾನಿಗಳು ಎಪಿಸೋಡ್ ಬರೋದಕ್ಕೆ ಮುಂಚೆಯೇ ಊಹಿಸಿದ್ದರು. ನೋಡುವವರಿಗೆಲ್ಲ ಹೊಳೆದದ್ದು, ಅಷ್ಟೊಂದು ಬುದ್ಧಿವಂತ ಅಂತ ಕರೆಸಿಕೊಂಡ ಟಿರಿಯನ್‌ಗೆ ಹೊಳೆಯಲಿಲ್ಲ ಅನ್ನೋದು ಜನರಿಗೆ ಚುಚ್ಚಿತು.

ಈಗ ನನ್ನ ಅಭಿಪ್ರಾಯ. ಕತ್ತಲೆ, ಕಂದಕ ಇವೆಲ್ಲ ಹೇಳೋಕೆ ಸುಲಭವಾದ ದೂರುಗಳು. ಒಳಗಿನ ಸಿಟ್ಟು ಬೇರೆ. ಪುಸ್ತಕದಿಂದ ಬದಲಾಯಿಸಿದರೆ ಅಭಿಮಾನಿಗಳಿಗೆ ಕೋಪ ಬರುತ್ತೆ ಅಂತ ಎಲ್ಲರೂ ಅಂದ್ಕೊಳ್ತಾರೆ. ಇದೇ ಧಾರಾವಾಹಿಯ ಹಳೇ ಯುದ್ಧಗಳನ್ನು ನೋಡಿದರೆ ಅದು ಸುಳ್ಳು.

2012ರಲ್ಲಿ ‘ಬ್ಲ್ಯಾಕ್‌ವಾಟರ್’ ಬಂತು. ಎರಡನೇ ಪುಸ್ತಕದ ಯುದ್ಧ, ಟಿರಿಯನ್ ಕಾಯುತ್ತಿರುವ ರಾಜಧಾನಿಯ ಮೇಲೆ ಹಡಗುಗಳ ದಾಳಿ. ಚಿತ್ರಕತೆ ಬರೆದದ್ದು ಕಾದಂಬರಿಕಾರ ಜಾರ್ಜ್ ಮಾರ್ಟಿನ್ ಅವರೇ. ಹಣ ಸಾಲದೆ ಚಾನೆಲ್‌ನವರ ಹತ್ತಿರ ಹೆಚ್ಚುವರಿ ಕೇಳಿ ತಂದು ಮಾಡಿದ್ದು. ಪುಸ್ತಕದಲ್ಲಿ ಟಿರಿಯನ್ ನದಿಗೆ ಅಡ್ಡಲಾಗಿ ಒಂದು ದೊಡ್ಡ ಸರಪಳಿ ಹಾಕಿಸ್ತಾನೆ, ವೈರಿಯ ಹಡಗುಗಳು ಹಿಂದೆ ಹೋಗದಂತೆ. ಆ ಸರಪಳಿಗಾಗಿ ಅಧ್ಯಾಯಗಳ ಉದ್ದಕ್ಕೂ ಕಮ್ಮಾರರು ದುಡೀತಾರೆ. ಟಿವಿಯಲ್ಲಿ ಸರಪಳಿಯೇ ಇಲ್ಲ. ಪುಸ್ತಕದಲ್ಲಿ ದಾಳಿ ಮಾಡಿದವರ ಕಡೆಯ ದಾವೋಸ್ ನಾಲ್ಕು ಗಂಡುಮಕ್ಕಳನ್ನು ಅಲ್ಲಿ ಕಳೆದುಕೊಳ್ತಾನೆ, ಟಿವಿಯಲ್ಲಿ ಒಬ್ಬ. ಓದಿದವರು "ಸರಪಳಿ ಎಲ್ಲಿ?" ಅಂತ ಗೊಣಗಿ, ಎಪಿಸೋಡನ್ನು ತಲೆ ಮೇಲೆ ಹೊತ್ತುಕೊಂಡರು. ಮರುವರ್ಷ ಅದಕ್ಕೆ ಹ್ಯೂಗೋ ಪ್ರಶಸ್ತಿಯೂ ಬಂತು.

ಯಾಕೆ? ಅಲ್ಲಿ ಒಂದು ಕೆಲಸ ಇನ್ನೊಂದನ್ನು ಎಳ್ಕೊಂಡು ಬರುತ್ತೆ. ನದಿ ತುಂಬ ಹಸಿರು ಬೆಂಕಿ. ಬೆಂಕಿ ಕಂಡರೆ ನಡುಗುವ, ರಾಜನ ಅಂಗರಕ್ಷಕ ಹೌಂಡ್ ಯುದ್ಧ ಬಿಟ್ಟು ಹೋಗ್ತಾನೆ. ಅಮ್ಮ ಕರೆದಳು ಅಂತ ಹುಡುಗ ರಾಜ ಜಾಫ್ರಿ ಒಳಗೆ ಓಡ್ತಾನೆ. ಸೈನಿಕರ ಧೈರ್ಯ ಕುಸಿಯುತ್ತೆ. ಬೇರೆ ಯಾರೂ ಇಲ್ಲ ಅಂತ ಟಿರಿಯನ್ ತಾನೇ ಹೊರಗೆ ಹೋಗ್ತಾನೆ, ಮುಖಕ್ಕೆ ಕತ್ತಿ ಏಟು ತಿನ್ನುತ್ತಾನೆ. ಅತ್ತ ಕೋಣೆಯಲ್ಲಿ ಜಾಫ್ರಿಯ ಅಮ್ಮ ಸೆರ್ಸಿ ಕುಡೀತಾ, ಅಲ್ಲೇ ಕೂತಿದ್ದ ಹುಡುಗಿ ಸಾನ್ಸಾಗೆ ಹೇಳ್ತಾಳೆ, ಬಾಗಿಲಲ್ಲಿ ನಿಂತ ಆ ಕೊಲೆಗಡುಕ ನಮ್ಮನ್ನು ಕಾಯೋಕಲ್ಲ, ಊರು ಬಿದ್ದರೆ ನಮ್ಮನ್ನೇ ಮುಗಿಸೋಕೆ ಅಂತ. ಹೊರಗಿನ ಯುದ್ಧ ಕಾಣದೆ ಇದ್ದರೂ ಆ ಕೋಣೆಯಲ್ಲೇ ಯುದ್ಧ ಗೊತ್ತಾಗುತ್ತೆ.

2015ರ ‘ಹಾರ್ಡ್‌ಹೋಮ್’ ಇನ್ನೂ ಒಳ್ಳೇ ಉದಾಹರಣೆ. ಪುಸ್ತಕದಲ್ಲಿ ಆ ಯುದ್ಧವನ್ನು ನಾವು ನೋಡುವುದೇ ಇಲ್ಲ. ಅಲ್ಲಿನ ಸುದ್ದಿ ಒಂದು ಕಾಗದದಲ್ಲಿ ಬರುತ್ತೆ, ಅಷ್ಟೇ. ಟಿವಿಯವರು ಜಾನ್‌ನನ್ನೇ ಅಲ್ಲಿಗೆ ಕಳಿಸಿದರು. ಇಷ್ಟು ದೊಡ್ಡ ಬದಲಾವಣೆ! ಒಬ್ಬ ಓದುಗನೂ ತಕರಾರು ಎತ್ತಿದ್ದು ನಮ್ಮ ಗ್ರೂಪಿನಲ್ಲಂತೂ ನೆನಪಿಲ್ಲ. ದೋಣಿ ದಡದಿಂದ ದೂರ ಹೋಗ್ತಿರುವಾಗ ನೈಟ್ ಕಿಂಗ್ ಸುಮ್ನೆ ಎರಡು ಕೈ ಎತ್ತುತ್ತಾನೆ, ಸತ್ತವರೆಲ್ಲ ಕಣ್ಣು ಬಿಡ್ತಾರೆ. ಸಂಗೀತವೂ ಇಲ್ಲ. ಇವನನ್ನು ಗೆಲ್ಲೋದು ಆಗದ ಮಾತು ಅಂತ ಅವತ್ತು ನಂಬಿದ್ದೆವು. ಅದನ್ನೂ ಲಾಂಗ್ ನೈಟನ್ನೂ ನಿರ್ದೇಶಿಸಿದ್ದು ಒಬ್ಬನೇ, ಮಿಗೆಲ್ ಸಪೋಚ್ನಿಕ್. ಹಾಗಾಗಿ ಕೈಚಳಕ ಕಮ್ಮಿಯಾಯಿತು ಅನ್ನೋ ಹಾಗಿಲ್ಲ.

ಲಾಂಗ್ ನೈಟ್‌ನಲ್ಲಿ ಎಡವಿದ್ದು ಬೆಲೆ ತೆರುವ ಕಡೆ. ಬ್ರಿಯೆನ್, ಜೇಮಿ, ಸ್ಯಾಮ್ ಹೆಣಗಳ ರಾಶಿಯಡಿ ಸಿಕ್ಕಿಬೀಳ್ತಾರೆ. ದೃಶ್ಯ ಬದಲಾಗುತ್ತೆ. ಮತ್ತೆ ಬಂದು ನೋಡಿದರೆ ಇನ್ನೂ ಕತ್ತಿ ಬೀಸ್ತಾ ಇದ್ದಾರೆ. ಹೀಗೆ ಎಷ್ಟು ಸಲ! ಸತ್ತವರು ಇಲ್ಲವೆಂದಲ್ಲ. ಜೋರಾ, ಥಿಯಾನ್, ಎಡ್, ಬೆರಿಕ್, ಮೆಲಿಸಾಂಡ್ರೆ, ಆ ಪುಟ್ಟ ಲಿಯಾನಾ ಮಾರ್ಮಂಟ್. ರಾಕ್ಷಸನ ಮುಷ್ಟಿಯಲ್ಲಿ ಎಲುಬು ಮುರೀತಿರುವಾಗಲೇ ಅವನ ಕಣ್ಣಿಗೆ ಚುಚ್ಚಿದಳಲ್ಲ, ಅವಳಿಗೆ ನಮ್ಮ ಮನೆಯಲ್ಲಿ ಚಪ್ಪಾಳೆ ಬಿತ್ತು. ಆದರೆ ಮೊದಲ ಸಾಲಿನ ಒಬ್ಬರೂ ಹೋಗಲಿಲ್ಲ. ನಾಯಕ ಅಂದ್ಕೊಂಡಿದ್ದ ನೆಡ್ ಸ್ಟಾರ್ಕ್ ತಲೆಯನ್ನು ಮೊದಲ ಸೀಸನ್ನಿನಲ್ಲೇ ತೆಗೆದ ಕತೆ ಇದು. ಇಲ್ಲಿ ತಪ್ಪು ಮಾಡಿದವನು ಉಳಿಯಲ್ಲ ಅಂತ ನಮಗೆ ಕಲಿಸಿದ್ದೇ ಅವರು. ಕೊನೆಗೆ ಅವರೇ ಮರೆತರು.

ಚಿತ್ತಾಪುರದ ಕಡೆ ನಮ್ಮ ಅಜ್ಜಿಯ ಊರಲ್ಲಿ ದೊಡ್ಡಾಟ ಆಗ್ತಿತ್ತು. ಅಭಿಮನ್ಯು ಸಾಯ್ತಾನೆ ಅಂತ ಕೂತವರಿಗೆಲ್ಲ ಗೊತ್ತು. ಚಕ್ರವ್ಯೂಹದ ಒಳಗೆ ಹೋಗೋಕೆ ಬರುತ್ತೆ, ಹೊರಗೆ ಬರೋಕೆ ಬರಲ್ಲ, ಹಿಂದೆ ಬರುವವರನ್ನು ಸೈಂಧವ ತಡೀತಾನೆ. ಎಲ್ಲ ಮೊದಲೇ ಹೇಳಿದ್ದಾರೆ. ಆದರೂ ಬೆಳಗಿನ ಜಾವದವರೆಗೆ ಒಬ್ಬರೂ ಏಳ್ತಿರಲಿಲ್ಲ. ರಂಗದ ಮೇಲೆ ಸೈನ್ಯ ಅಂತ ಇದ್ದದ್ದು ನಾಲ್ಕೈದು ಜನ. ಅರ್ಧ ಕಲಿತ ವಿದ್ಯೆಗೆ ಹುಡುಗ ಪೂರ್ತಿ ಬೆಲೆ ಕಟ್ಟಬೇಕಾಗುತ್ತೆ ಅನ್ನೋದೇ ಜನರನ್ನು ಕೂರಿಸ್ತಿತ್ತು. 82 ನಿಮಿಷದ ಈ ಎಪಿಸೋಡಿನಲ್ಲಿ ಅಂಥ ಒಂದು ಎಳೆ ನಾನು ಹುಡುಕಿದೆ. ಥಿಯಾನ್‌ದು ಮಾತ್ರ ಸಿಕ್ಕಿತು. ಅವನು ನೆಡ್‌ನ ಮಗ ಬ್ರಾನ್‌ಗೆ ಹಿಂದೆ ಮಾಡಿದ ದ್ರೋಹ, ಈಗ ಅದೇ ಬ್ರಾನ್ ಮುಂದೆ ಒಬ್ಬಂಟಿಯಾಗಿ ಈಟಿ ಹಿಡಿದು ಓಡೋದು. ಆ ಭಾಗ ಮುಟ್ಟುತ್ತೆ.

ಬ್ರಾನ್‌ನ ಅಕ್ಕ ಆರ್ಯಾ ವಿಷಯ ನೀವು ಕೇಳಿಲ್ಲ, ಆದರೆ ಅತಿ ದೊಡ್ಡ ಜಗಳ ಅಲ್ಲೇ ನಡೆದದ್ದು. ಶಿಕಾಗೋದ ಒಂದು ಬಾರಿನಲ್ಲಿ ಜನ ಅವಳು ನೈಟ್ ಕಿಂಗ್‌ನನ್ನು ಇರಿದು ಕೊಂದ ಕ್ಷಣಕ್ಕೆ ಕುಣಿದು ಕಿರುಚಿದ ವಿಡಿಯೋ ಎಲ್ಲ ಕಡೆ ಓಡಾಡಿತು. ಇನ್ನೊಂದು ಪಕ್ಷ, "ಅದು ಜಾನ್ ಮಾಡಬೇಕಿದ್ದ ಕೆಲಸ, ಇವಳು ಎಲ್ಲಿಂದ ಹಾರಿ ಬಂದಳು?" ಅಂತ ಕೂತಿತು. ನಾನು ಆರ್ಯಾ ಪಕ್ಷ. ಎಡಗೈಯಿಂದ ಕಠಾರಿ ಬಿಟ್ಟು ಬಲಗೈಯಲ್ಲಿ ಹಿಡಿಯೋ ಆ ಪಟ್ಟು ಹೊಸದಲ್ಲ. ಏಳನೇ ಸೀಸನ್ನಿನಲ್ಲಿ ಬ್ರಿಯೆನ್ ಜೊತೆ ಅಭ್ಯಾಸ ಮಾಡುವಾಗಲೇ ಕಠಾರಿಯನ್ನು ಹಾಗೆ ಕೈ ಬದಲಿಸಿ ತೋರಿಸಿದ್ದಾಳೆ. ಕಠಾರಿಯೂ ಮೊದಲ ಸೀಸನ್ನಿನಲ್ಲಿ ಬ್ರಾನ್‌ನನ್ನು ಕೊಲ್ಲೋಕೆ ಬಂದವನ ಕೈಯಲ್ಲಿದ್ದದ್ದೇ. ಇಷ್ಟೆಲ್ಲ ಹೊಂದಿಸಿಟ್ಟಿದ್ದರು. ನನಗೆ ಉಳಿದ ಪ್ರಶ್ನೆ ಬ್ರಾನ್‌ದು. ಅಷ್ಟು ಶಕ್ತಿ ಇದ್ದೂ ಆ ರಾತ್ರಿ ಕಾಗೆಗಳ ಕಣ್ಣಲ್ಲಿ ಎಲ್ಲೆಲ್ಲಿ ತಿರುಗಾಡಿ ಬಂದ, ಏನು ಮಾಡಿದ, ಯಾರೂ ಹೇಳಲಿಲ್ಲ.

ಇನ್ನೊಂದು ವಿಷಯ ಲೆಕ್ಕಕ್ಕೆ ತಗೊಳ್ಳಿ. ಧಾರಾವಾಹಿಯ ಮೊಟ್ಟಮೊದಲ ದೃಶ್ಯದಿಂದ, ಅಂದ್ರೆ 2011ರಿಂದ, ಈ ಹಿಮದ ಭೂತಗಳ ಹೆದರಿಕೆ ಹುಟ್ಟಿಸ್ತಾ ಬಂದಿದ್ದರು. ಏಳನೇ ಸೀಸನ್ ಮುಗಿದದ್ದು 2017ರ ಆಗಸ್ಟ್‌ನಲ್ಲಿ. ಅಲ್ಲಿಂದ ಒಂದೂವರೆ ವರ್ಷಕ್ಕೂ ಜಾಸ್ತಿ ಕಾದು, ಆ ಹೆದರಿಕೆ ಒಂದೇ ರಾತ್ರಿಗೆ ಮುಗಿದು, ಇನ್ನೂ ಮೂರು ಎಪಿಸೋಡ್ ಸಿಂಹಾಸನದ ಜಗಳಕ್ಕೆ ಉಳಿಯಿತು ಅಂದಾಗ ಕಾದವರಿಗೆ ಖಾಲಿ ಅನಿಸಿತು. ನೀವು ಕಾಯಲಿಲ್ಲ, ಒಂದರ ಹಿಂದೆ ಒಂದು ನೋಡಿದಿರಿ. ನಿಮಗೆ ಆ ಹಸಿವೇ ಇರಲಿಲ್ಲ, ಅಲ್ವಾ?

ಹಾಗೇ, ನೀವು ಈಗ ಓದುವ ಬೈಗುಳದಲ್ಲಿ ಸುಮಾರು ಭಾಗ ಆ ಸೋಮವಾರದ್ದಲ್ಲ. ಸೀಸನ್ ಮುಗಿಯೋ ಹೊತ್ತಿಗೆ ಸಿಟ್ಟು ನೆತ್ತಿಗೇರಿ, ಪೂರ್ತಿ ಸೀಸನ್ನನ್ನೇ ಮತ್ತೆ ಮಾಡಿ ಅಂತ 10 ಲಕ್ಷಕ್ಕೂ ಹೆಚ್ಚು ಜನ ಆನ್‌ಲೈನ್ ಮನವಿಗೆ ಸಹಿ ಹಾಕಿದರು. ಆಮೇಲೆ ಹಿಂದೆ ತಿರುಗಿ ಇದಕ್ಕೂ ಸೇರಿಸಿ ಬೈದರು. ಆ ಸೋಮವಾರ ಮಧ್ಯಾಹ್ನ ನಮ್ಮ ಗ್ರೂಪಿನಲ್ಲಿ ಅರ್ಧಕ್ಕರ್ಧ ಜನ ಖುಷಿಯಾಗೇ ಇದ್ದರು.

ಈಗ ನಿಮಗೆ ಪುಸ್ತಕ ಓದುವ ಮನಸ್ಸಾಗಿದ್ದರೆ ಮೊದಲನೆಯದರಿಂದಲೇ ಹಿಡೀರಿ, ಎರಡನೆಯದರಲ್ಲಿ ಆ ಸರಪಳಿ ಸಿಗುತ್ತೆ. ಟಿವಿಯಲ್ಲೇ ಸಾಕು ಅನ್ನೋದಾದ್ರೆ ಬ್ಲ್ಯಾಕ್‌ವಾಟರ್ ಮತ್ತೆ ಹಾಕಿ ನೋಡಿ. ಅದೂ ರಾತ್ರಿಯ ಯುದ್ಧವೇ, ಆದರೆ ಮಟಮಟ ಮಧ್ಯಾಹ್ನ ನೋಡಿದರೂ ಯಾರು ಯಾರಿಗೆ ಹೊಡೀತಿದ್ದಾರೆ ಅಂತ ಗೊತ್ತಾಗುತ್ತೆ.