ಲಿನಕ್ಸ್‌ನ ಎ-ಪ್ಲೇ ಕಮಾಂಡಿನಲ್ಲಿ ಎಂಪಿ3 ಹಾಕಿದರೆ ಬರೀ ಗೊರಗೊರ, ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ನಿಂದ ಹಾಕಿದರೆ ಸದ್ದೇ ಇಲ್ಲ. ಏಕೆ?

ಇವೆರಡೂ ಬೇರೆ ಬೇರೆ ತೊಂದರೆಗಳು. ಸೌಂಡ್ ಕಾರ್ಡ್ ಕೆಟ್ಟಿದೆ ಅಂತ ನನಗನಿಸುವುದಿಲ್ಲ.

ಮೊದಲನೆಯದು ಸುಲಭ. ಎ-ಪ್ಲೇಗೆ ಎಂಪಿ3 ಡಿಕೋಡ್ ಮಾಡಲು, ಅಂದರೆ ಒತ್ತಿ ಚಿಕ್ಕದಾಗಿಸಿದ ಸದ್ದನ್ನು ಬಿಚ್ಚಲು, ಬರುವುದಿಲ್ಲ, ವೇವ್‌ನಂಥ ಫೈಲುಗಳಷ್ಟೇ ಗೊತ್ತು. ಗುರುತು ಸಿಗದ ಫೈಲನ್ನು ಅದು ಕಚ್ಚಾ ಡೇಟಾ ಎಂದುಕೊಂಡು 8 ಬಿಟ್, 8000 ಹರ್ಟ್ಜ್, ಮೋನೋ ಲೆಕ್ಕದಲ್ಲಿ ಸ್ಪೀಕರಿಗೆ ಸುರಿಯುತ್ತದೆ. ಸ್ಕ್ರೀನಿನಲ್ಲಿ ಬರುವ ಸಾಲಿನಲ್ಲೂ ಇದೇ ಸಂಖ್ಯೆಗಳಿರುತ್ತವೆ, ನೋಡಿ. ಬದಲಿಗೆ ಎಂಪಿವಿ ಪ್ಲೇಯರ್ ಬಳಸಿ, ನೋ-ವಿಡಿಯೋ ಆಯ್ಕೆ ಕೊಡಿ. ಸ್ಪೇಸ್ ಒತ್ತಿದರೆ ನಿಲ್ಲುತ್ತದೆ, 9 ಮತ್ತು 0 ಕೀಗಳಿಂದ ಸದ್ದು ಇಳಿಸಿ ಏರಿಸಬಹುದು.

ಕ್ರಾನ್ ವಿಷಯಕ್ಕೇ ಹೆಚ್ಚು ಜನ ತಲೆ ಕೆಡಿಸಿಕೊಳ್ಳುವುದು. ಸದ್ದನ್ನು ಕಾರ್ಡಿಗೆ ತಲುಪಿಸುವ ಸೌಂಡ್ ಸರ್ವರ್, ಪೈಪ್‌ವೈರ್ ಆಗಲಿ ಪಲ್ಸ್‌ಆಡಿಯೋ ಆಗಲಿ, ಓಡುವುದು ನಿಮ್ಮ ಲಾಗಿನ್ ಜೊತೆಗೆ. ಅದನ್ನು ತಲುಪುವ ಬಾಗಿಲು, ಅಂದರೆ ಸಾಕೆಟ್, ಇರುವುದು ರನ್ ಡೈರೆಕ್ಟರಿಯೊಳಗೆ, ಯೂಸರ್ ಎಂಬುದರಡಿ, ನಿಮ್ಮ ಯೂಸರ್ ಐಡಿ ಹೆಸರಿನ ಫೋಲ್ಡರಿನಲ್ಲಿ. ಐಡಿ ಸಾಮಾನ್ಯವಾಗಿ 1000. ಕ್ರಾನ್‌ಗೆ ಈ ದಾರಿ ಗೊತ್ತಿರುವುದಿಲ್ಲ. ಕ್ರಾನ್‌ನ ಕೆಲಸಗಳ ಪಟ್ಟಿಯಾದ ಕ್ರಾನ್‌ಟ್ಯಾಬ್‌ನಲ್ಲಿ ಎಕ್ಸ್‌ಡಿಜಿ ರನ್‌ಟೈಮ್ ಡಿರ್ ವೇರಿಯಬಲ್‌ಗೆ ಆ ಫೋಲ್ಡರಿನ ಪೂರ್ತಿ ದಾರಿ ಬರೆಯಿರಿ. ಸುಡೋ ಹಾಕಿ, ಅಂದರೆ ರೂಟ್ ಎಂಬ ನಿರ್ವಾಹಕ ಖಾತೆಯಲ್ಲಿ, ಓಡಿಸಬೇಡಿ: ರೂಟ್‌ಗೆ ನಿಮ್ಮ ಸೆಷನ್ ಕಾಣುವುದಿಲ್ಲ, ಕನೆಕ್ಷನ್ ನಿರಾಕರಿಸಿದ ಎರರ್ ಬರಬಹುದು. ಯಾರೂ ಲಾಗಿನ್ ಆಗಿರದ ಹೊತ್ತಿಗೂ ನುಡಿಯಬೇಕೆಂದರೆ ಲಾಗಿನ್‌ಸಿಟಿಎಲ್ ಕಮಾಂಡಿನಲ್ಲಿ ಲಿಂಗರ್ (ಲಾಗಿನ್ ಇಲ್ಲದಾಗಲೂ ನಿಮ್ಮ ಸೇವೆಗಳನ್ನು ಓಡಿಸುವ ಸೌಲಭ್ಯ) ಆನ್ ಮಾಡಿ.

ಅಷ್ಟಾದರೂ ಮೌನವೇ? ಪೈಪ್‌ವೈರ್ ಇದ್ದರೆ ಡಬ್ಲ್ಯೂಪಿಸಿಟಿಎಲ್ ಸ್ಟೇಟಸ್ ಕಮಾಂಡ್ ಕೊಟ್ಟು, ಸಿಂಕ್‌ಗಳಲ್ಲಿ (ಸದ್ದು ಹೊರಬರುವ ಸಾಧನಗಳಲ್ಲಿ) ನಕ್ಷತ್ರ ಯಾವುದರ ಮುಂದಿದೆ ನೋಡಿ. ಎಷ್ಟೋ ಸಲ ಅದು ಎಚ್‌ಡಿಎಂಐ ಮೇಲೆ ಕೂತಿರುತ್ತದೆ, ಸದ್ದೆಲ್ಲ ಸ್ಪೀಕರಿಲ್ಲದ ಮಾನಿಟರ್‌ಗೆ ಹೋಗುತ್ತಿರುತ್ತದೆ. ಸೆಟ್-ಡಿಫಾಲ್ಟ್ ಜೊತೆ ಸರಿಯಾದ ಸಿಂಕ್‌ನ ಸಂಖ್ಯೆ ಕೊಡಿ. ಸೆಟ್-ವಾಲ್ಯೂಮ್‌ಗೆ 5%+ ಕೊಡುವಾಗ ಎಲ್ ಆಯ್ಕೆಯಲ್ಲಿ 1.0 (ಅಂದರೆ 100%) ಮಿತಿ ಹಾಕಿ. ಇಲ್ಲದಿದ್ದರೆ ಅದು 100% ದಾಟಿ ಸದ್ದು ಒಡೆಯಬಹುದು.

ಕೊನೆಗೆ ಆಲ್ಸಾಮಿಕ್ಸರ್, ಕಾರ್ಡಿನ ಸದ್ದಿನ ಮಟ್ಟಗಳನ್ನು ಕಂಬಗಳಾಗಿ ತೋರಿಸುವ ಪ್ರೋಗ್ರಾಂ. ತೆರೆದ ತಕ್ಷಣ ಒಂದೇ ಮಾಸ್ಟರ್ ಕಂಡರೆ ಅದು ಕಾರ್ಡ್ ಅಲ್ಲ, ಪೈಪ್‌ವೈರ್‌ನ ಮುಖವಾಡ. ಎಫ್6 ಒತ್ತಿ ನಿಜವಾದ ಕಾರ್ಡ್ ಆರಿಸಿ. ಕಂಬದ ಕೆಳಗೆ ಎಂಎಂ ಎಂದಿದ್ದರೆ ಮ್ಯೂಟ್ ಆಗಿದೆ. ಎಂ ಕೀ ಒತ್ತಿ 00 ಮಾಡಿ. ಮೇಲಿನ ಪದರದಲ್ಲಿ, ಅಂದರೆ ಪೈಪ್‌ವೈರ್‌ನಲ್ಲಿ, 100 ತೋರಿಸಿದರೂ ಇಲ್ಲಿ ಹೆಡ್‌ಫೋನ್ ಅಥವಾ ಸ್ಪೀಕರ್ ಕಂಬ ಮುಚ್ಚಿದ್ದರೆ ಏನೂ ಕೇಳಿಸದು. ಸರಿಹೋದ ಮೇಲೆ ಈ ಹೊಂದಿಕೆ ಉಳಿಸಲು ಸುಡೋ ಹಾಕಿ ಆಲ್ಸಾಸಿಟಿಎಲ್ ಸ್ಟೋರ್ ಕೊಡಿ. ಇಲ್ಲಿ ಮಾತ್ರ ಸುಡೋ ಬೇಕು.